ಗೇರ್‌ಬಾಕ್ಸ್ ಆಯಿಲ್ ಬದಲಿಸಬೇಕಾ? ಎಲ್ಲಿ, ಹೇಗೆ, ಎಷ್ಟರಲ್ಲಿ?

ಎಂಜಿನ್ ಆಯಿಲ್ ವಿಷಯದಲ್ಲಿ ಯಾರಿಗೂ ಗೊಂದಲ ಇಲ್ಲ. ವರ್ಷಕ್ಕೊಮ್ಮೆ ಕಾರು ಸರ್ವೀಸ್‌ಗೆ ಹೋಗುತ್ತದೆ, ಆಯಿಲ್ ಬದಲಾಗುತ್ತದೆ. ಗೇರ್‌ಬಾಕ್ಸ್ ಆಯಿಲ್ ಹಾಗಲ್ಲ. ಒಂದು ಕಡೆ ಕೇಳಿದರೆ ‘ಇದು ಲೈಫ್‌ಟೈಮ್ ಆಯಿಲ್ ಸಾರ್, ಬದಲಿಸೋದೇ ಬೇಡ’ ಅನ್ನುತ್ತಾರೆ. ಇನ್ನೊಂದು ಕಡೆ ‘ಅಯ್ಯೋ, ಇನ್ನೂ ಬದಲಿಸಿಲ್ವಾ?’ ಅನ್ನುತ್ತಾರೆ. ಪಕ್ಕದ ಮನೆಯವರು ‘ಆಯಿಲ್ ಬದಲಿಸಿದ ಮೇಲೇ ನಮ್ಮ ಗೇರ್‌ಬಾಕ್ಸ್ ಹೋಗಿದ್ದು, ಮುಟ್ಟಬೇಡಿ’ ಅಂತ ಹೆದರಿಸುತ್ತಾರೆ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಅದಕ್ಕೇ ಕಾರಿನವರು ತೀರ್ಮಾನ ಮಾಡಲಾಗದೆ ಮುಂದಕ್ಕೆ ಹಾಕುತ್ತಾ ಹೋಗುತ್ತಾರೆ.

ಮೈಸೂರು, ಮಂಡ್ಯದ ಕಡೆ ಈ ಪ್ರಶ್ನೆ ಈಗ ಜಾಸ್ತಿ ಕೇಳಿಬರುತ್ತಿದೆ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಬಂದ ಮೇಲೆ ಕ್ಲಚ್ ಪೆಡಲ್ ಇಲ್ಲದ ಕಾರು ಸಾಮಾನ್ಯರ ಮನೆಗೂ ಬಂತು. ಅದರ ಹಿಂದೆಯೇ ಸಿವಿಟಿ, ಡಿಸಿಟಿ ಅನ್ನುವ ಬೇರೆ ಬಗೆಯ ಆಟೊಮ್ಯಾಟಿಕ್ ಕಾರುಗಳೂ ಹೆಚ್ಚಾದವು. ಆಗ ಕೊಂಡ ಎಷ್ಟೋ ಕಾರುಗಳು ಈಗ ವಾರಂಟಿ ದಾಟಿ ಎರಡನೇ ಓನರ್ ಕೈಯಲ್ಲಿವೆ. ಮ್ಯಾನುಯಲ್ ಗೇರ್‌ಬಾಕ್ಸ್ ನಮ್ಮ ಉದಾಸೀನವನ್ನು ಬಹಳ ವರ್ಷ ತಡೆದುಕೊಳ್ಳುತ್ತದೆ. ಆಟೊಮ್ಯಾಟಿಕ್ ಅಷ್ಟು ತಡೆದುಕೊಳ್ಳುವುದಿಲ್ಲ, ಕೆಟ್ಟರೆ ರಿಪೇರಿ ಬಿಲ್ ಲಕ್ಷ ಮುಟ್ಟುವುದುಂಟು. ಹಾಗಾಗಿ ಈ ತೀರ್ಮಾನವನ್ನು ಸರಿಯಾಗಿ ಮಾಡಬೇಕು ಅನ್ನುವುದು ನನ್ನ ಕಳಕಳಿ.

ಯಾವ ಆಧಾರದ ಮೇಲೆ ತೀರ್ಮಾನಿಸಬೇಕು

ಮೊದಲನೆಯದು, ನಿಮ್ಮ ಗೇರ್‌ಬಾಕ್ಸ್ ಯಾವ ಬಗೆಯದು ಅನ್ನುವುದು. ‘ಆಟೊಮ್ಯಾಟಿಕ್’ ಅನ್ನುವ ಒಂದೇ ಹೆಸರಿನ ಕೆಳಗೆ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ಒಂದರ ಆಯಿಲ್ ಇನ್ನೊಂದಕ್ಕೆ ಆಗುವುದಿಲ್ಲ. ಇದು ಗೊತ್ತಿಲ್ಲದೆ ಮುಂದಿನ ಯಾವ ಹೋಲಿಕೆಗೂ ಅರ್ಥವಿಲ್ಲ.

ಎರಡನೆಯದು ಕಾರಿನ ಹಿಂದಿನ ಕಥೆ. ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ವರ್ಷವಾಗಿದೆ, ಈ ಆಯಿಲ್ ಬದಲಿಸಿದ ಬಿಲ್ ಇದೆಯಾ? ‘ಬದಲಿಸಿದ್ದೀವಿ’ ಅನ್ನುವ ಬಾಯಿಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬಿಲ್ಲಿನಲ್ಲಿ ಆಯಿಲ್ ಹೆಸರು, ಎಷ್ಟು ಲೀಟರ್ ಅಂತ ಇದ್ದರೆ ಮಾತ್ರ ನಂಬಿ.

ಮೂರನೆಯದು ಓಡಾಟ. ಮಂಡ್ಯದಿಂದ ಬೆಂಗಳೂರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೇ ವೇಗದಲ್ಲಿ ಹೋಗಿಬರುವ ಕಾರಿನ ಗೇರ್‌ಬಾಕ್ಸ್‌ಗೆ ಕಷ್ಟ ಕಡಿಮೆ. ಅದೇ ಕಿಲೋಮೀಟರನ್ನು ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆ ಸುತ್ತ ತೆವಳಿಕೊಂಡು ಓಡಿದ ಕಾರಿನ ಆಯಿಲ್ ಬೇಗ ಹಳಸುತ್ತದೆ. ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಹಿಂದೆ ಗಂಟೆಗಟ್ಟಲೆ ಹೋಗುವವರು, ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿನ 36 ತಿರುವು ಹತ್ತಿ ಊಟಿಗೆ ಹೋಗುವವರು, ದಿನವೂ ಚಾಮುಂಡಿ ಬೆಟ್ಟಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಟ್ಯಾಕ್ಸಿಯವರು ಇದೇ ಗುಂಪಿಗೆ ಸೇರುತ್ತಾರೆ. ಆಯಿಲ್ ಹಾಳಾಗುವುದು ಮುಖ್ಯವಾಗಿ ಶಾಖದಿಂದ. ತಾಪ 10 ಡಿಗ್ರಿ ಏರಿದರೆ ಆಯಿಲ್ ಹಳಸುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ಈ ಕ್ಷೇತ್ರದವರು ಇಟ್ಟುಕೊಂಡಿರುವ ಅಂದಾಜು. ಎಷ್ಟೋ ಕಾರುಗಳ ಸರ್ವೀಸ್ ಪುಸ್ತಕದಲ್ಲಿ ‘ಸಿವಿಯರ್ ಕಂಡಿಷನ್’ ಅಂತ ಬೇರೆಯದೇ ಒಂದು ಪಟ್ಟಿ ಇರುತ್ತದೆ. ನಮ್ಮ ಪೇಟೆ ಟ್ರಾಫಿಕ್, ಧೂಳು, ಘಾಟಿ ಎಲ್ಲ ಆ ಪಟ್ಟಿಗೇ ಸೇರುತ್ತವೆ. ಜನ ನೋಡುವುದು ಮಾತ್ರ ಮೊದಲ ಪಟ್ಟಿಯನ್ನು.

ಇನ್ನು ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಮತ್ತು ಕೈಯಲ್ಲಿ ಎಷ್ಟು ದುಡ್ಡಿದೆ ಅನ್ನುವುದು. ಈ ಕೆಲಸದ ಖರ್ಚನ್ನು ಲೀಟರ್ ಲೆಕ್ಕದಲ್ಲಿ ಯೋಚಿಸಿದರೆ ಸುಲಭ. ಬಿಲ್ಲಿನಲ್ಲಿ ದೊಡ್ಡ ಪಾಲು ಆಯಿಲ್ಲಿನದೇ, ಕೂಲಿ ಕಡಿಮೆ.

ಯಾವ ಗೇರ್‌ಬಾಕ್ಸ್‌ಗೆ ಏನು

ಮ್ಯಾನುಯಲ್ ಆದರೆ ವಿಷಯ ಬೇಗ ಮುಗಿಯುತ್ತದೆ. ಸಣ್ಣ ಕಾರಿಗೆ ಸುಮಾರು ಎರಡು ಲೀಟರ್ ಆಯಿಲ್. ಅರವತ್ತರಿಂದ ಎಂಬತ್ತು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಿದರೆ ಸಾಕು, ಟ್ಯಾಕ್ಸಿಯಾದರೆ ಇನ್ನೂ ಬೇಗ. ನೋಡಬೇಕಾದ್ದು ಒಂದೇ, ಡಬ್ಬದ ಮೇಲೆ ಆಯಿಲ್ಲಿನ ದರ್ಜೆ ಜಿಎಲ್-4 ಅಂತ ಇದೆಯೋ ಜಿಎಲ್-5 ಅಂತ ಇದೆಯೋ ಎಂದು. ಜಿಎಲ್-5ರಲ್ಲಿ ಗಂಧಕ, ರಂಜಕದ ಸೇರಿಕೆ ಜಾಸ್ತಿ. ಅದು ಹಿಂದಿನ ಚಕ್ರದ ಡಿಫರೆನ್ಷಿಯಲ್‌ಗೆ ಒಳ್ಳೆಯದು. ಗೇರ್‌ಬಾಕ್ಸ್ ಒಳಗಿನ ಹಿತ್ತಾಳೆಯ ಸಿಂಕ್ರೊ ರಿಂಗಿಗೆ (ಗೇರ್ ಮೆತ್ತಗೆ ಬೀಳಲು ನೆರವಾಗುವ ಬಳೆ) ಒಳ್ಳೆಯದಲ್ಲ. ನಂಬರ್ ದೊಡ್ಡದಿದೆ, ಆಯಿಲ್ಲೂ ಹೆಚ್ಚಿನದೇ ಇರಬೇಕು ಅಂತ ಹಾಕಿಸಿಕೊಳ್ಳಬೇಡಿ. ಹೋಂಡಾದಂಥ ಕೆಲವು ಕಾರುಗಳ ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಎಂಟಿಎಫ್ ಅನ್ನುವ ತೆಳುವಾದ ಆಯಿಲ್ ಬೇಕು. ಅದಕ್ಕೆ ದಪ್ಪ ಗೇರ್ ಆಯಿಲ್ ಸುರಿದರೆ ಬೆಳಗಿನ ಚಳಿಯಲ್ಲಿ ಗೇರ್ ಬೀಳುವುದೇ ಕಷ್ಟ.

ಎಎಂಟಿ ಅಂದರೆ ಒಳಗೆ ಅದೇ ಮ್ಯಾನುಯಲ್ ಗೇರ್‌ಬಾಕ್ಸ್. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ನಮ್ಮ ಕೈಕಾಲಿನ ಬದಲು ಒಂದು ಆಕ್ಚುಯೇಟರ್ ಮಾಡುತ್ತದೆ. ಹಾಗಾಗಿ ಗೇರ್ ಆಯಿಲ್ ಖರ್ಚು ಮ್ಯಾನುಯಲ್‌ನಷ್ಟೇ. ಆದರೆ ಹೈಡ್ರಾಲಿಕ್ ಆಕ್ಚುಯೇಟರ್ ಇರುವ ಕಾರುಗಳಲ್ಲಿ ಅದಕ್ಕೆ ಬೇರೆಯೇ ಆಯಿಲ್, ಬೇರೆಯೇ ಸಣ್ಣ ಡಬ್ಬಿ. ಬಹಳ ಕಡೆ ಅದನ್ನು ನೋಡುವುದೇ ಇಲ್ಲ, ನೀವಾಗಿ ಕೇಳಿ ನೋಡಿಸಬೇಕು. ಎಎಂಟಿ ಕಾರು ಏರಿನಲ್ಲಿ ಎಳೆದಾಡುತ್ತಿದ್ದರೆ ಅದು ಬಹುತೇಕ ಕ್ಲಚ್ ಪ್ಲೇಟಿನ ಸಮಸ್ಯೆ. ಆಯಿಲ್ ಬದಲಿಸಿದರೆ ಅದು ಹೋಗುವುದಿಲ್ಲ.

ಟಾರ್ಕ್ ಕನ್ವರ್ಟರ್ (ಆಯಿಲ್ ಮೂಲಕ ಎಂಜಿನ್ ಶಕ್ತಿ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್‌ಗೆ ಹಾಕುವುದು ಎಟಿಎಫ್, ಅಂದರೆ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್. ಈಗಿನ ಎರ್ಟಿಗಾ, ಬ್ರೆಝಾ, ವರ್ಟಸ್ ಮತ್ತು ಟೈಗುನ್‌ನ 1 ಲೀಟರ್ ಟರ್ಬೊ ಆಟೊಮ್ಯಾಟಿಕ್‌ಗಳು ಈ ಬಗೆಯವು. ಇಲ್ಲಿ ಆಯಿಲ್ ಬರೀ ಜಾರುಗುಣ ಕೊಡುವುದಲ್ಲ. ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವುದು ಅದೇ, ಒತ್ತಡ ಕೊಟ್ಟು ಗೇರ್ ಬದಲಿಸುವುದು ಅದೇ, ಶಾಖ ಹೊತ್ತೊಯ್ಯುವುದೂ ಅದೇ. ಕ್ಲಚ್ ಪ್ಲೇಟುಗಳು ಎಷ್ಟು ಬೇಗ, ಎಷ್ಟು ಮೆತ್ತಗೆ ಹಿಡಿಯಬೇಕು ಅನ್ನುವುದನ್ನು ಕೂಡ ಆಯಿಲ್ಲಿನ ರಸಾಯನವೇ ನಿರ್ಧರಿಸುತ್ತದೆ. ಅದು ಹಳಸಿದರೆ ಮೊದಲು ಗೊತ್ತಾಗುವುದು ಗೇರ್ ಬದಲಾಗುವಾಗಿನ ಸಣ್ಣ ಜರ್ಕ್‌ನಿಂದ.

ಸಿವಿಟಿಗೆ ಅತಿ ಹೆಚ್ಚು ಎಚ್ಚರ ಬೇಕು. ಈಗಿನ ಹೋಂಡಾ ಸಿಟಿ, ಅಮೇಜ್ ಆಟೊಮ್ಯಾಟಿಕ್‌ಗಳಲ್ಲಿ, ಹ್ಯುಂಡೈ ಐವಿಟಿ ಅನ್ನುವುದರಲ್ಲಿ ಹಲ್ಲಿನ ಗೇರ್ ಬದಲು ಎರಡು ಪುಲಿಗಳ ನಡುವೆ ಉಕ್ಕಿನ ಬೆಲ್ಟ್ ಅಥವಾ ಚೈನ್ ಓಡುತ್ತದೆ. ಉಕ್ಕು ಉಕ್ಕನ್ನು ಜಾರದೆ ಹಿಡಿಯಬೇಕು, ಆದರೆ ಸವೆಯಬಾರದು. ಈ ಎರಡನ್ನೂ ಸಾಧಿಸುವುದು ಸಿವಿಟಿ ಆಯಿಲ್ ಮಾತ್ರ. ಅದಕ್ಕೆ ಎಟಿಎಫ್ ಹಾಕಿದರೆ ಬೆಲ್ಟ್ ಜಾರುತ್ತದೆ, ಪುಲಿ ಮೇಲೆ ಗೀರು ಬೀಳುತ್ತದೆ. ಗೀರು ಬಿದ್ದ ಮೇಲೆ ಯಾವ ಆಯಿಲ್ ಹಾಕಿಯೂ ಪ್ರಯೋಜನವಿಲ್ಲ. ಸಿವಿಟಿ ಇದ್ದರೆ ನಲವತ್ತರಿಂದ ಅರವತ್ತು ಸಾವಿರ ಕಿಲೋಮೀಟರಿನೊಳಗೆ ಬದಲಿಸಿಬಿಡಿ. ಇಲ್ಲಿ ಜಿಪುಣತನ ಬೇಡ.

ಡಿಸಿಟಿ ಅಂದರೆ ಎರಡು ಕ್ಲಚ್ ಇರುವ ಗೇರ್‌ಬಾಕ್ಸ್, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್‌ನವರು ಇದನ್ನೇ ಡಿಎಸ್‌ಜಿ ಅನ್ನುತ್ತಾರೆ. ಇದರಲ್ಲಿ ಎರಡು ತರ. ಹಳೆಯ ಸ್ಕೋಡಾ ಲಾರಾ, ಸೂಪರ್ಬ್ ಡೀಸೆಲ್‌ಗಳ ಆರು ಗೇರಿನ ಡಿಎಸ್‌ಜಿಯಲ್ಲಿ ಕ್ಲಚ್ ಆಯಿಲ್ಲಿನಲ್ಲೇ ಮುಳುಗಿರುತ್ತದೆ. ಅದಕ್ಕೆ 60,000 ಕಿಲೋಮೀಟರಿಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಲೇಬೇಕು ಅಂತ ಕಂಪನಿಯೇ ಹೇಳಿದೆ. ಹಳೆಯ 1.2 ಲೀಟರ್ ಪೋಲೊ ಜಿಟಿ ಟಿಎಸ್‌ಐ ಮತ್ತು ಈಗಿನ 1.5 ಲೀಟರ್ ವರ್ಟಸ್, ಟೈಗುನ್‌ನ ಏಳು ಗೇರಿನ ಡಿಎಸ್‌ಜಿಯಲ್ಲಿ ಇರುವುದು ಆಯಿಲ್ ತಾಗದ ಒಣ ಕ್ಲಚ್. ಅದರಲ್ಲಿ ಗೇರ್‌ಗೆ ಒಂದು ಆಯಿಲ್, ಗೇರ್ ಬದಲಾವಣೆ ನಿಯಂತ್ರಿಸುವ ಮೆಕಾಟ್ರಾನಿಕ್ಸ್ ಅನ್ನುವ ಭಾಗಕ್ಕೆ ಇನ್ನೊಂದು ಆಯಿಲ್. ಒಣ ಕ್ಲಚ್ಚಿನ ಕಾರನ್ನು ದಸರಾ ಟ್ರಾಫಿಕ್ಕಿನಲ್ಲಿ ಬ್ರೇಕ್ ಅರ್ಧ ಬಿಟ್ಟು ತೆವಳಿಸುವುದು ಕ್ಲಚ್ಚಿಗೆ ದೊಡ್ಡ ಹೊಡೆತ. ಮುಂದೆ ಜಾಗ ಆಗುವವರೆಗೆ ನಿಂತು, ಆಮೇಲೆ ಹೊರಡಿ.

ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಇದ್ದವರಿಗೆ ಒಂದು ಮಾತು. ಅದನ್ನು ಇ-ಸಿವಿಟಿ ಅನ್ನುತ್ತಾರೆ, ಆದರೆ ಒಳಗೆ ಬೆಲ್ಟ್ ಇಲ್ಲ. ಹೆಸರು ನೋಡಿ ಸಿವಿಟಿ ಆಯಿಲ್ ಹಾಕಿಸಬಾರದು.

ನಾಲ್ಕು ದಾರಿಗಳು

ಮುಟ್ಟದೆ ಬಿಡುವುದು ಮೊದಲ ದಾರಿ. ‘ಲೈಫ್‌ಟೈಮ್’ ಅನ್ನುವ ಮಾತನ್ನು ನಂಬಿದವರದ್ದು ಇದು. ಯಾರ ಲೈಫ್ ಅಂತ ಕೇಳಬೇಕು, ಅಲ್ವಾ? ದುಬಾರಿ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿ ತನ್ನ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ 8 ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತದೆ. ಅದೇ ಗೇರ್‌ಬಾಕ್ಸ್ ಹಾಕಿದ ಕಾರಿನ ಕಂಪನಿಗಳಲ್ಲಿ ಲೈಫ್‌ಟೈಮ್ ಅಂದವರೂ ಇದ್ದಾರೆ. ಒಂದೆರಡು ವರ್ಷದಲ್ಲಿ ಕಾರು ಮಾರುವವರಿಗೆ, ಓಡಾಟ ಕಡಿಮೆ ಇರುವವರಿಗೆ ಮುಟ್ಟದೆ ಬಿಡುವುದರಲ್ಲಿ ನಷ್ಟ ಕಾಣುವುದಿಲ್ಲ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಈ ದಾರಿಯನ್ನು ನಾನು ಹೇಳುವುದಿಲ್ಲ.

ಎರಡನೆಯದು ಡ್ರೈನ್ ಅಂಡ್ ಫಿಲ್. ಕೆಳಗಿನ ಬೋಲ್ಟ್ ಬಿಚ್ಚಿ ಬರುವಷ್ಟು ಆಯಿಲ್ ಇಳಿಸಿ, ಅಷ್ಟೇ ಹೊಸದು ತುಂಬುವುದು. ಮ್ಯಾನುಯಲ್‌ನಲ್ಲಿ ಹೀಗೆ ಹೆಚ್ಚುಕಡಿಮೆ ಎಲ್ಲ ಬರುತ್ತದೆ. ಟಾರ್ಕ್ ಕನ್ವರ್ಟರ್ ಬಗೆಯಲ್ಲಿ ಬರುವುದು ಅರ್ಧದಷ್ಟು ಮಾತ್ರ, ಉಳಿದದ್ದು ಕನ್ವರ್ಟರ್ ಮತ್ತು ಕೂಲರ್ ಪೈಪಿನಲ್ಲೇ ಉಳಿಯುತ್ತದೆ. ಎಂಟು ಲೀಟರ್ ಇರುವ ಗೇರ್‌ಬಾಕ್ಸಿನಿಂದ ನಾಲ್ಕು ಲೀಟರ್ ಬಂತು ಅಂತಿಟ್ಟುಕೊಳ್ಳಿ. ಒಂದು ಸಲಕ್ಕೆ ಅರ್ಧ ಹೊಸದಾಯಿತು, ಎರಡನೇ ಸಲಕ್ಕೆ ಮುಕ್ಕಾಲು, ಮೂರನೇ ಸಲಕ್ಕೆ ಶೇ 87ರಷ್ಟು. ಒಂದೇ ದಿನ ಮೂರು ಸಲ ಮಾಡಿಸಬೇಕಾಗಿಲ್ಲ. ಎರಡು ಸರ್ವೀಸ್‌ಗಳಲ್ಲಿ ಹಂಚಿಕೊಂಡರೆ ಖರ್ಚೂ ಹಂಚಿಹೋಗುತ್ತದೆ. ಆಯಿಲ್ ಬೆಲೆಗೆ ತಕ್ಕಂತೆ ಒಂದು ಸಲಕ್ಕೆ ಐದರಿಂದ ಎಂಟು ಸಾವಿರ ರೂಪಾಯಿ ಇಟ್ಟುಕೊಳ್ಳಿ. ಮ್ಯಾನುಯಲ್ ಆದರೆ ಎರಡು ಸಾವಿರದ ಆಸುಪಾಸು. ನನ್ನನ್ನು ಕೇಳಿದರೆ ಹೆಚ್ಚಿನ ಜನರಿಗೆ ದುಡ್ಡಿಗೆ ತಕ್ಕ ಕೆಲಸ ಇದೇ.

ಮೂರನೆಯದು ಪ್ಯಾನ್, ಅಂದರೆ ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ ಇಳಿಸಿ ಮಾಡುವುದು. ಪ್ಯಾನ್ ಬಿಚ್ಚಿ, ಒಳಗಿನ ಆಯಸ್ಕಾಂತ ಒರೆಸಿ, ಫಿಲ್ಟರ್ ಮತ್ತು ಗ್ಯಾಸ್ಕೆಟ್ ಹೊಸದು ಹಾಕಿ ಆಯಿಲ್ ತುಂಬುತ್ತಾರೆ. ಖರ್ಚು ಹೆಚ್ಚು, ಆದರೆ ಗೇರ್‌ಬಾಕ್ಸ್ ಒಳಗಿನ ಸ್ಥಿತಿ ಕಣ್ಣಿಗೆ ಕಾಣುತ್ತದೆ. ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಒಳಗೆ ಏನೋ ಒಡೆಯುತ್ತಿದೆ ಅಂತ ಅರ್ಥ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಫಿಲ್ಟರ್ ಒಳಗೇ ಕೂತಿರುತ್ತದೆ, ಗೇರ್‌ಬಾಕ್ಸ್ ಬಿಚ್ಚದೆ ಸಿಗುವುದಿಲ್ಲ. ಅಂಥ ಕಾರಿಗೆ ಈ ದಾರಿಯ ಅರ್ಧ ಲಾಭ ಇಲ್ಲ. ಮೊದಲೇ ಕೇಳಿಕೊಳ್ಳಿ.

ಮೆಷಿನ್ ಫ್ಲಶ್ ಕೊನೆಯದು. ಕೂಲರ್ ಪೈಪಿಗೆ ಯಂತ್ರ ಜೋಡಿಸಿ ಹಳೆಯದನ್ನು ಹೊರದೂಡುತ್ತಾ ಹೊಸದನ್ನು ತುಂಬುತ್ತಾರೆ. ಹೆಚ್ಚುಕಡಿಮೆ ಪೂರ್ತಿ ಆಯಿಲ್ ಒಂದೇ ಸಲಕ್ಕೆ ಬದಲಾಗುತ್ತದೆ, ಆದರೆ ಹನ್ನೆರಡು ಲೀಟರಿನ ತನಕ ಬೇಕಾಗಬಹುದು. ಹದಿನೈದು ಸಾವಿರ ದಾಟಿದರೆ ಆಶ್ಚರ್ಯವಿಲ್ಲ. ಕಾಲಕಾಲಕ್ಕೆ ಆಯಿಲ್ ಬದಲಿಸುತ್ತಾ ಬಂದ ಕಾರಿಗೆ ಇದರಿಂದ ತೊಂದರೆ ಇಲ್ಲ. ಒಂದೂವರೆ ಲಕ್ಷ ಕಿಲೋಮೀಟರ್ ಮುಟ್ಟದೇ ಓಡಿಸಿದ ಕಾರಿಗೆ ಬೇಡ. ಮೂಲೆಯಲ್ಲಿ ಕೂತ ಕೆಸರು ಎದ್ದು ಆಯಿಲ್ ಹರಿವನ್ನು ನಿಯಂತ್ರಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಪಕ್ಕದ ಮನೆಯವರ ಭಯಕ್ಕೆ ಮೂಲ ಇಲ್ಲಿದೆ. ಆದರೆ ಇನ್ನೊಂದು ಕಾರಣವೂ ಇದೆ. ಜನ ಆಯಿಲ್ ನೆನಪು ಮಾಡಿಕೊಳ್ಳುವುದೇ ಗೇರ್ ಜಾರಲು ಶುರುವಾದ ಮೇಲೆ. ಆ ಹೊತ್ತಿಗೆ ಪ್ಲೇಟ್ ಸವೆದಿರುತ್ತದೆ. ಆಯಿಲ್ ಬದಲಿಸಿದ್ದರೂ, ಬದಲಿಸದಿದ್ದರೂ ಅದು ಹೋಗುವುದೇ. ಫ್ಲಶ್ ಮಾಡಿಸುವುದಾದರೆ ಕ್ಲೀನಿಂಗ್ ಕೆಮಿಕಲ್ ಹಾಕಬೇಡಿ ಅಂತ ಮೊದಲೇ ಹೇಳಿ.

ಎಲ್ಲಿ ಮಾಡಿಸುವುದು

ವಾರಂಟಿ ಇದ್ದರೆ ಯೋಚನೆಯೇ ಬೇಡ, ಕಂಪನಿಯ ಸರ್ವೀಸ್ ಸೆಂಟರ್. ಬೆಲೆ ಜಾಸ್ತಿಯಾದರೂ ಬಿಲ್ ನಿಮ್ಮ ಕೈಯಲ್ಲಿರುತ್ತದೆ. ವಾರಂಟಿ ಮುಗಿದ ಮ್ಯಾನುಯಲ್, ಎಎಂಟಿಗೆ ಗೊತ್ತಿರುವ ಮೆಕ್ಯಾನಿಕ್ ಸಾಕು. ಬನ್ನಿಮಂಟಪದ ಕಡೆಯಾಗಲಿ, ಮಂಡ್ಯದ ಹೆದ್ದಾರಿ ಪಕ್ಕವಾಗಲಿ, ಈ ಕೆಲಸ ಗೊತ್ತಿರುವ ಕೈಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಇಳಿಸುವ ಬೋಲ್ಟ್ ಬಿಚ್ಚುವ ಮೊದಲು ತುಂಬುವ ಬೋಲ್ಟ್ ಬಿಚ್ಚುತ್ತದಾ ಅಂತ ನೋಡಲು ಹೇಳಿ. ಅದು ತುಕ್ಕು ಹಿಡಿದು ಕೂತಿದ್ದರೆ, ಆಯಿಲ್ ಖಾಲಿಯಾದ ಕಾರು ಅಲ್ಲೇ ನಿಲ್ಲಬೇಕಾಗುತ್ತದೆ.

ಆಟೊಮ್ಯಾಟಿಕ್, ಸಿವಿಟಿ, ಡಿಸಿಟಿಗೆ ಮೆಕ್ಯಾನಿಕ್ ಒಳ್ಳೆಯವರಾದರೆ ಮಾತ್ರ ಸಾಲದು, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಬೇಕು. ಈಗಿನ ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಅಳತೆ ಕಡ್ಡಿಯೇ ಇಲ್ಲ. ಕಾರನ್ನು ಸಮತಟ್ಟಾಗಿ ಎತ್ತಿ, ಎಂಜಿನ್ ಚಾಲೂ ಇಟ್ಟು, ಆಯಿಲ್ ತಾಪ ಕಂಪನಿ ಹೇಳಿದ ಮಟ್ಟಕ್ಕೆ ಬಂದಾಗ ಒಂದು ಪ್ಲಗ್ ಬಿಚ್ಚಿ ಹೆಚ್ಚಿನದು ಹರಿದುಹೋಗಲು ಬಿಡಬೇಕು. ಆ ತಾಪ ಬಹುತೇಕ 40 ಡಿಗ್ರಿಯ ಆಸುಪಾಸು, ಕಾರಿನಿಂದ ಕಾರಿಗೆ ಬದಲಾಗುತ್ತದೆ. ಅದನ್ನು ತೋರಿಸುವುದು ಸ್ಕ್ಯಾನರ್. ಕಡಿಮೆ ತುಂಬಿದರೆ ಗೇರ್ ಜಾರುತ್ತದೆ, ಜಾಸ್ತಿ ತುಂಬಿದರೆ ಆಯಿಲ್ ನೊರೆಯಾಗಿ ಒತ್ತಡ ಬೀಳುತ್ತದೆ. ‘ಲೆವೆಲ್ ಹೇಗೆ ನೋಡ್ತೀರಿ?’ ಅಂತ ಕೇಳಿ. ತಾಪದ ಮಾತು ಉತ್ತರದಲ್ಲಿ ಬರದಿದ್ದರೆ ಬೇರೆ ಕಡೆ ಹೋಗಿ. ಗೇರ್ ಈಗಾಗಲೇ ಜಾರುತ್ತಿದ್ದರೆ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾತ್ರ ಮಾಡುವ ಬೆಂಗಳೂರಿನ ವರ್ಕ್‌ಶಾಪಿಗೆ ಕೊಂಡೊಯ್ಯುವುದು ಒಳ್ಳೆಯದು. ಕಟ್ಟಿ ಎಳೆಸಬೇಡಿ, ಫ್ಲ್ಯಾಟ್‌ಬೆಡ್ ತರಿಸಿ. ಎಂಜಿನ್ ಓಡದಿದ್ದರೆ ಆಯಿಲ್ ಪಂಪೂ ಓಡುವುದಿಲ್ಲ. ಚಕ್ರ ಮಾತ್ರ ಉರುಳಿದರೆ ಒಳಗೆಲ್ಲ ಒಣಗಿ ಸವೆಯುತ್ತದೆ.

ಕಂಪನಿ ಆಯಿಲ್ಲೋ, ಹೊರಗಿನದೋ

ಸಿವಿಟಿ ಮತ್ತು ಡಿಸಿಟಿಗೆ ಕಂಪನಿಯದೇ ಹಾಕಿಸಿ. ಉಳಿಸುವ ಐನೂರು, ಸಾವಿರಕ್ಕಿಂತ ಅಪಾಯ ದೊಡ್ಡದು. ಟಾರ್ಕ್ ಕನ್ವರ್ಟರ್‌ಗೆ ಹೆಸರಾಂತ ಆಯಿಲ್ ಕಂಪನಿಗಳ ಎಟಿಎಫ್ ಆಗಬಹುದು, ಆದರೆ ಪುಸ್ತಕದಲ್ಲಿ ಬರೆದ ಸ್ಪೆಸಿಫಿಕೇಷನ್ ಡಬ್ಬದ ಮೇಲೂ ಅಕ್ಷರ ಅಕ್ಷರ ಇರಬೇಕು. ‘ಎಲ್ಲ ಕಾರಿಗೂ ಆಗುತ್ತದೆ’ ಅನ್ನುವುದು ಸಾಲದು. ಮ್ಯಾನುಯಲ್‌ಗೆ ಒಳ್ಳೆಯ ಕಂಪನಿಯ ಜಿಎಲ್-4 ಯಾವುದಾದರೂ ಸರಿ, ಪುಸ್ತಕದಲ್ಲಿ ಹೇಳಿದ ದಪ್ಪದ ನಂಬರ್ ಹೊಂದಬೇಕು ಅಷ್ಟೆ. ಎಂಟಿಎಫ್ ಕೇಳುವ ಕಾರಿಗೆ ಮಾತ್ರ ಎಂಟಿಎಫ್ ಅನ್ನೇ ಹಾಕಿಸಿ. ಲೂಸ್ ಆಯಿಲ್ ಯಾವುದಕ್ಕೂ ಬೇಡ. ಸೀಲ್ ನಿಮ್ಮ ಮುಂದೆಯೇ ಒಡೆಯಲಿ.

ಬಣ್ಣ ನೋಡಿ ತೀರ್ಮಾನ ಮಾಡುವ ಅಭ್ಯಾಸವೂ ಇದೆ. ಎಟಿಎಫ್ ಹೊಸದಿದ್ದಾಗ ಸಾಮಾನ್ಯವಾಗಿ ಕೆಂಪು, ಹಳತಾದಂತೆ ಕಂದು. ಆದರೆ ಹೊಸದೇ ಹಳದಿ, ಹಸಿರು ಇರುವ ಆಯಿಲ್‌ಗಳೂ ಇವೆ. ಬಣ್ಣಕ್ಕಿಂತ ವಾಸನೆ ಹೆಚ್ಚು ಹೇಳುತ್ತದೆ. ಸುಟ್ಟ ವಾಸನೆ ಬಂದರೆ ಪ್ಲೇಟ್ ಸುಡುತ್ತಿದೆ. ಹಾಲು ಬೆರೆಸಿದಂತೆ ಮಸುಕಾಗಿದ್ದರೆ ನೀರೋ ಕೂಲೆಂಟೋ ಸೇರಿದೆ.

ಯಾರಿಗೆ ಯಾವುದು

ಮಂಡ್ಯದಲ್ಲಿ ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಕೊಂಡಿದ್ದೀರಿ, ಹಿಂದಿನ ಬಿಲ್ ಇಲ್ಲ, ಗೇರ್ ಸರಿಯಾಗಿ ಬೀಳುತ್ತಿದೆ. ಮೊದಲು ಪ್ಯಾನ್ ಇಳಿಸಿ ನೋಡಿಸಿ. ಐದು ಸಾವಿರ ಕಿಲೋಮೀಟರ್ ಆದ ಮೇಲೆ ಒಂದು ಡ್ರೈನ್ ಅಂಡ್ ಫಿಲ್ ಮಾಡಿಸಿ. ಫ್ಲಶ್ ಬೇಡ.

ಮೈಸೂರು ಪೇಟೆಯೊಳಗೆ ಮಾತ್ರ ಓಡಿಸುವ ನಿವೃತ್ತರು, ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್. ಇಲ್ಲಿ ಕಿಲೋಮೀಟರ್ ನೋಡಬೇಡಿ, ವರ್ಷ ನೋಡಿ. ಐದಾರು ವರ್ಷಕ್ಕೆ ಒಂದು ಡ್ರೈನ್ ಅಂಡ್ ಫಿಲ್ ಸಾಕು.

ದಿನವೂ ಎಕ್ಸ್‌ಪ್ರೆಸ್‌ವೇಯಲ್ಲಿ ಬೆಂಗಳೂರಿಗೆ ಹೋಗಿಬರುವವರ ಮೀಟರ್ ಬೇಗ ಏರುತ್ತದೆ, ಆಯಿಲ್ ಅಷ್ಟು ಬೇಗ ಹಳಸುವುದಿಲ್ಲ. ಪುಸ್ತಕದ ಸಾಮಾನ್ಯ ಪಟ್ಟಿ ಅನುಸರಿಸಿದರೆ ನಡೆಯುತ್ತದೆ. ಟ್ಯಾಕ್ಸಿ ಮತ್ತು ಘಾಟಿಯವರು ಆ ಪಟ್ಟಿಯ ಅರ್ಧಕ್ಕೆ ಬದಲಿಸಲಿ. ಇಳಿಜಾರಿನಲ್ಲಿ ಬ್ರೇಕ್ ಒಂದನ್ನೇ ನಂಬದೆ ಕೆಳಗಿನ ಗೇರ್ ಬಳಸಲಿ.

ನೀರಿನಲ್ಲಿ ನಿಂತ ಕಾರಿಗೆ ಮಾತ್ರ ಈ ಲೆಕ್ಕ ಯಾವುದೂ ಇಲ್ಲ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಹತ್ತಿರ ಹೆದ್ದಾರಿ ಮುಳುಗಿ ಕಾರುಗಳು ಸಿಕ್ಕಿಕೊಂಡಿದ್ದು ನೆನಪಿರಬಹುದು. ಗೇರ್‌ಬಾಕ್ಸ್‌ಗೆ ಉಸಿರಾಡಲು ಒಂದು ಸಣ್ಣ ಕೊಳವೆ ಇರುತ್ತದೆ, ನೀರು ಅದರಿಂದ ಒಳಹೋಗಬಹುದು. ಅಂಥ ಕಾರನ್ನು ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಒಯ್ದು ಆಯಿಲ್ ಇಳಿಸಿ ನೋಡಿಸಿ, ಎಷ್ಟೇ ಹೊಸ ಕಾರಾಗಿರಲಿ.

ಬದಲಿಸಿದ ಮೇಲೆ ಮೊದಲ ಒಂದೆರಡು ದಿನ ಬೆಳಗ್ಗೆ ಕಾರಿನ ಕೆಳಗೆ ಒಂದು ರಟ್ಟು ಹಾಕಿ ಹನಿ ಬಿದ್ದಿದೆಯಾ ನೋಡಿ. ಕೆಲವು ಕಾರುಗಳಲ್ಲಿ ಸ್ಕ್ಯಾನರಿನಿಂದ ಗೇರ್ ಅಡಾಪ್ಟೇಷನ್ (ಗೇರ್‌ಬಾಕ್ಸ್ ಕಂಪ್ಯೂಟರ್ ಕಲಿತಿಟ್ಟ ಲೆಕ್ಕ) ರೀಸೆಟ್ ಮಾಡಬೇಕು, ಅದನ್ನು ಮಾಡಿದ್ದಾರಾ ಅಂತ ಬಿಲ್ ಕಟ್ಟುವ ಮೊದಲೇ ಕೇಳಿ. ಇಳಿಸಿದ ಹಳೆ ಆಯಿಲ್ ಎಲ್ಲಿ ಹೋಗುತ್ತದೆ ಅಂತಲೂ ಕೇಳಿ. ಅದು ಚರಂಡಿಗೆ ಬಿದ್ದರೆ ನಮ್ಮ ಕೆರೆ, ನಾಲೆ, ಗದ್ದೆಗೇ ಬರುತ್ತದೆ. ಡ್ರಮ್ಮಿನಲ್ಲಿ ಕೂಡಿಟ್ಟು ಮರುಬಳಕೆಗೆ ಕೊಡುವ ಗ್ಯಾರೇಜನ್ನೇ ಆರಿಸಿಕೊಳ್ಳಿ. ಬಿಲ್ಲಿನ ಮೇಲೆ ಆಯಿಲ್ ಹೆಸರು, ಲೀಟರ್, ಅಂದಿನ ಕಿಲೋಮೀಟರ್ ಮೂರನ್ನೂ ಬರೆಸಿ, ಸರ್ವೀಸ್ ಪುಸ್ತಕದೊಳಗೆ ಇಟ್ಟುಬಿಡಿ.